ಅಜ್ಜನ ಗದ್ದೆಯೂ ಎಡನೀರಿನ ಮೊಕದ್ದಮೆಯೂ

ಕಳೆದ ತಿಂಗಳು ಹತ್ತನೆಯ ತರಗತಿಯಲ್ಲಿ ಮೂಲಭೂತ ಹಕ್ಕುಗಳ ಪಾಠವನ್ನು ಮುಗಿಸುತ್ತಿದ್ದೆನು. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು, “ಸರ್, ಆಸ್ತಿಯ ಹಕ್ಕು ಈ ಪಟ್ಟಿಯಲ್ಲಿ ಏಕಿಲ್ಲ? ನಮ್ಮ ಚಾಳನ್ನು ಸರಕಾರ ಕೇಳಿದರೆ ಕೊಡಲೇಬೇಕೆ?” ಎಂದನು. ಅಷ್ಟರಲ್ಲಿ ಗಂಟೆಯಾಯಿತು. ಅಂದು ಹೇಳಲಾಗದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ವಿದ್ಯಾರ್ಥಿಗಳೇ, ನಾನು ಕಾಸರಗೋಡಿನ ಕಡೆಯವನು. ನನ್ನ ಅಜ್ಜ ಚಾಲಗೇಣಿಯ ಒಕ್ಕಲಾಗಿದ್ದರು. ಉತ್ತು ಬಿತ್ತುವವರು ಅವರೇ ಆದರೂ ಪ್ರತಿವರ್ಷ ಅಕ್ಕಿಮುಡಿಗಳನ್ನು ಹೊತ್ತು ಧಣಿಗಳ ಅಂಗಳದಲ್ಲಿ ಇಳಿಸಬೇಕಾಗಿತ್ತು. ಧಣಿಗಳು ‘ಬಿಡು’ ಎಂದರೆ ಗದ್ದೆಯನ್ನು ಬಿಡಬೇಕಾಗಿತ್ತು. 1970ರ ಜನವರಿ 1ರಂದು ಕೇರಳದ ಭೂಸುಧಾರಣಾ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದಿತು. ಕೆಲವು ವರ್ಷಗಳಲ್ಲಿ ಪಟ್ಟೆಯು ಅಜ್ಜನ ಹೆಸರಿಗಾಯಿತು.

ಆ ಕಾಯಿದೆಯ ಹಿಂದೆ ಇಪ್ಪತ್ತು ವರ್ಷಗಳ ಹಗ್ಗಜಗ್ಗಾಟವಿತ್ತು. 1950ರ ಸಂವಿಧಾನದ 19 ಮತ್ತು 31ನೆಯ ವಿಧಿಗಳಲ್ಲಿ ಆಸ್ತಿಯು ಮೂಲಭೂತ ಹಕ್ಕಾಗಿತ್ತು. ಜಮೀನ್ದಾರರು ಮೂಲಭೂತ ಹಕ್ಕುಗಳನ್ನೇ ಗುರಾಣಿಯಾಗಿ ಹಿಡಿದು ನ್ಯಾಯಾಲಯಕ್ಕೆ ಹೋದರು. 1951ರಲ್ಲಿ ಬಿಹಾರದ ಕಾಯಿದೆ ಪಾಟ್ನಾ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಅದೇ ವರ್ಷ ಸಂವಿಧಾನದ ಮೊದಲ ತಿದ್ದುಪಡಿಯು ಒಂಬತ್ತನೆಯ ಅನುಸೂಚಿಯನ್ನು ಸೇರಿಸಿ ಇಂತಹ ಕಾಯಿದೆಗಳಿಗೆ ರಕ್ಷಣೆಯಿತ್ತಿತು. ಪರಿಹಾರ ಸಾಲದೆಂದು ಕೋರ್ಟಿನಲ್ಲಿ ವಾದಿಸಕೂಡದೆಂದು 1955ರ ನಾಲ್ಕನೆಯ ತಿದ್ದುಪಡಿ ವಿಧಿಸಿತು.

ಇನ್ನು ನಮ್ಮೂರ ಸೀಮೆಯ ಮೊಕದ್ದಮೆ. ಕೇರಳದ ಕಾಯಿದೆಯ ವಿರುದ್ಧ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಪರವಾಗಿ ನಿಂತವರು ನಮ್ಮ ಮುಂಬಯಿಯ ನಾನಿ ಪಾಲ್ಖಿವಾಲಾ. 13 ನ್ಯಾಯಮೂರ್ತಿಗಳು 68 ದಿನ ವಾದಗಳನ್ನು ಕೇಳಿದರು. 1973ರ ಏಪ್ರಿಲ್ 24ರಂದು, 7–6ರ ಬಹುಮತದಿಂದ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸಲಾಗದು ಎಂಬ ತೀರ್ಪು ಬಂದಿತು. ಆಸ್ತಿಯ ಹಕ್ಕು ಆ ಮೂಲ ಸ್ವರೂಪದೊಳಗೆ ಸೇರಲಿಲ್ಲ. ದೇಶಕ್ಕೆ ದೊಡ್ಡ ತೀರ್ಪು ದೊರೆಯಿತು. ಮಠಕ್ಕೆ ಭೂಮಿ ದೊರೆಯಲಿಲ್ಲ. ಕಾಯಿದೆ ಬಿದ್ದಿದ್ದರೆ ಅಜ್ಜನ ಗದ್ದೆಯ ಗತಿ ಏನಾಗುತ್ತಿತ್ತೋ! ಆದರೂ ಅಜ್ಜ ಎಡನೀರಿನ ಯಕ್ಷಗಾನಕ್ಕೆ ತಪ್ಪದೆ ಹೋಗಿ ಸ್ವಾಮಿಗಳಿಗೆ ಅಡ್ಡಬಿದ್ದು ಬರುತ್ತಿದ್ದರು. ಇದರಲ್ಲಿ ವಿರೋಧವೇನೂ ಅವರಿಗೆ ಕಾಣಲಿಲ್ಲ. ನನಗೂ ಈಗ ಕಾಣುವುದಿಲ್ಲ.

1978ರ 44ನೆಯ ತಿದ್ದುಪಡಿಯು ಆಸ್ತಿಯನ್ನು ಮೂಲಭೂತ ಹಕ್ಕುಗಳಿಂದ ತೆಗೆದು 300ಎ ವಿಧಿಯಲ್ಲಿರಿಸಿತು. 1979ರ ಜೂನ್ 20ರಂದು ಅದು ಜಾರಿಯಾಯಿತು. ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಲಾಗದು, ಅಷ್ಟೇ. ನಾನು ಇದನ್ನು ಬಹುಕಾಲ ಸಂತೋಷದಿಂದಲೇ ಬೋಧಿಸಿದೆನು. ಹೆದ್ದಾರಿಯ ಅಗಲೀಕರಣಕ್ಕೆಂದು ಅದೇ ಗದ್ದೆಯ ಒಂದು ಅಂಚಿಗೆ ನೋಟೀಸು ಬಂದ ದಿನ ಅಪ್ಪ ಫೋನಿನಲ್ಲಿ, “ಮಗಾ, ಅಜ್ಜನ ಪಟ್ಟೆಗೆ ಬೆಲೆಯಿಲ್ಲವೋ?” ಎಂದಾಗ ನನ್ನ ನಾಲಿಗೆ ಒಣಗಿತು. ಭೂಮಿಗೆ ಪರಿಹಾರ ಬಂದಿದೆ. ಅಜ್ಜ ತೋಡಿದ ಬಾವಿಗೆ ಕೊಟ್ಟುದು ಸಾಲದೆಂಬ ಅರ್ಜಿ ಇನ್ನೂ ಕಚೇರಿಯಲ್ಲಿದೆ. 300ಎ ಎಂದರೆ ನೋಟೀಸು, ಅಹವಾಲು ಕೇಳುವಿಕೆ, ಕಾರಣ, ಸಾರ್ವಜನಿಕ ಉದ್ದೇಶ, ನ್ಯಾಯವಾದ ಪರಿಹಾರ ಇವೆಲ್ಲವೂ ಇರಬೇಕೆಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ಹೇಳಿದುದನ್ನು ನಾನು ಅಪ್ಪನಿಗೆ ಎರಡು ಬಾರಿ ಓದಿ ಹೇಳಿದೆನು.

ಚಾಳಿನ ಹುಡುಗನಿಗೆ ಉತ್ತರ ಬಾಕಿಯಿದೆ. ಮುಂಬಯಿಯ ಹಳೆಯ ಬಾಡಿಗೆ ಕಟ್ಟಡಗಳ ಮಾಲೀಕರು ಹೂಡಿದ್ದ ಮೊಕದ್ದಮೆಯಲ್ಲಿ 2024ರ ನವೆಂಬರ್ 5ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಖಾಸಗಿ ಆಸ್ತಿಯೆಲ್ಲವೂ ಸಮುದಾಯದ ಸಂಪತ್ತಾಗದು ಎಂದು ಬಹುಮತದಿಂದ ಹೇಳಿದೆ. ಆದರೆ, ಮಗು, ಆ ತೀರ್ಪು ನಿನಗೆ ನೆರವೋ, ನಿನ್ನ ಚಾಳಿನ ಮಾಲೀಕನಿಗೆ ನೆರವೋ? ಮುಂದಿನ ಪಾಠಕ್ಕೆ ಬರುವಾಗ ಬಾಡಿಗೆಯ ರಸೀದಿಯಲ್ಲಿ ಯಾರ ಹೆಸರಿದೆಯೆಂದು ನೋಡಿಕೊಂಡು ಬಾ.