ಐವರಲ್ಲೊಬ್ಬ

ಮೂವತ್ತು ಮೂವತ್ತೈದು ವರ್ಷ ಪಾಠ ಹೇಳಿದವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ತಾನು ಮಾತನಾಡುವಾಗ ಉಳಿದವರು ಸುಮ್ಮನಿರಬೇಕು, ತಾನು ಕೇಳಿದಾಗ ಮಾತ್ರ ಅವರು ಬಾಯಿ ತೆರೆಯಬೇಕು ಎಂಬ ನಂಬಿಕೆಯೇ ಆ ಕಾಯಿಲೆ. ಶಾಲೆಯಲ್ಲಿ ಇದಕ್ಕೆ ಶಿಸ್ತು ಎಂಬ ಗೌರವದ ಹೆಸರುಂಟು. ನಿವೃತ್ತನಾದ ಮೇಲೆ ಆ ಹೆಸರು ಹೋಗುತ್ತದೆ, ಕಾಯಿಲೆ ಉಳಿಯುತ್ತದೆ. ನನ್ನ ಕಾಯಿಲೆಗೆ ಮದ್ದು ದೊರೆತದ್ದು ಒಂದು ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ.

ನಿವೃತ್ತಿಯ ತರುವಾಯ ನಾನು ಮೈಸೂರಿನಲ್ಲಿ ಮನೆ ಮಾಡಿದೆ. ಬೆಳಗಿನ ಹೊತ್ತು ನಡೆದಾಡಲು ಹೋಗುವ ಮೈದಾನದ ಮಗ್ಗುಲಲ್ಲಿ ಸಿಮೆಂಟು ಹಾಸಿದ ಅಂಗಳವೊಂದಿತ್ತು. ಚೆಂಡು ನೆಲಕ್ಕೆ ಬಡಿಯುವ ಸದ್ದು ಕೇಳಿದಾಗಲೆಲ್ಲ ಕಾಲೇಜಿನ ದಿನಗಳು ನೆನಪಾಗಿ ಕಾಲು ತಾನಾಗಿ ನಿಲ್ಲುತ್ತಿತ್ತು. ಒಂದು ದಿನ ಚೆಂಡು ಉರುಳುತ್ತ ನನ್ನ ಬಳಿಗೇ ಬಂತು. ಎತ್ತಿಕೊಂಡು ಬುಟ್ಟಿಯತ್ತ ಎಸೆದೆ. ಅದು ಬುಟ್ಟಿಗೂ ಬೀಳಲಿಲ್ಲ, ಹಿಂದಿನ ಹಲಗೆಗೂ ತಾಗಲಿಲ್ಲ. ಆದರೂ ಹುಡುಗನೊಬ್ಬ, “ಪಳಗಿದ ಕೈ ಸಾರ್! ನಮ್ಮ ಜೊತೆ ಆಡಬಾರದೆ?” ಎಂದು ಕೇಳಿದ. ಸುತ್ತಲ ಬಡಾವಣೆಗಳ ತಂಡಗಳು ಭಾನುವಾರದ ಬೆಳಿಗ್ಗೆ ಪರಸ್ಪರ ಆಡುವುದೆಂದು ನಿಶ್ಚಯವಾಗಿತ್ತಂತೆ. ಅವರ ಹೊಸ ತಂಡಕ್ಕೆ ಒಬ್ಬ ಆಟಗಾರ ಸಾಲದಾಗಿದ್ದ. ತಂಡದ ನಾಯಕ ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ಇಪ್ಪತ್ತೆರಡರ ತರುಣ. ಉಳಿದವರಲ್ಲಿ ಒಬ್ಬ ಬ್ಯಾಂಕಿನ ಗುಮಾಸ್ತ, ಒಬ್ಬ ಸ್ಕೂಟರ್ ರಿಪೇರಿಯವನು, ಇನ್ನೊಬ್ಬ ಆಗತಾನೆ ಪಿ.ಯು.ಸಿ. ಸೇರಿದ ನಾಚಿಕೆಯ ಹುಡುಗ. ಐದನೆಯವನು ನಾನು.

ಈ ಆಟವನ್ನು ಕಂಡುಹಿಡಿದವನೂ ಒಬ್ಬ ಉಪಾಧ್ಯಾಯನೇ. ಕೆನಡಾದಲ್ಲಿ ಹುಟ್ಟಿದ ಜೇಮ್ಸ್ ನೈಸ್ಮಿತ್ ಎಂಬಾತ 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದ. ಹೊರಗೆ ಕಡುಚಳಿ, ಒಳಗೆ ಹದಿನೆಂಟು ಮಂದಿ ತುಂಟ ವಿದ್ಯಾರ್ಥಿಗಳು. ಅವರಿಗೆ ಒಳಾಂಗಣದಲ್ಲಿ ಆಡುವಂಥ ಆಟವೊಂದನ್ನು ಹುಡುಕುವ ಹೊಣೆ ಆತನ ಮೇಲೆ ಬಿತ್ತು. ವ್ಯಾಯಾಮಶಾಲೆಯ ಮೇಲ್ಮೊಗಸಾಲೆಯ ಅಂಚಿಗೆ, ನೆಲದಿಂದ ಹತ್ತು ಅಡಿ ಎತ್ತರದಲ್ಲಿ, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೊಳೆ ಹೊಡೆದು ನಿಲ್ಲಿಸಿದ; ಹದಿಮೂರು ನಿಯಮಗಳನ್ನು ಬರೆದ. ಚೆಂಡನ್ನು ಹಿಡಿದುಕೊಂಡು ಓಡಕೂಡದು, ಎದುರಾಳಿಯನ್ನು ನೂಕಕೂಡದು ಎಂಬುವು ಅವುಗಳಲ್ಲಿ ಮುಖ್ಯವಾದವು. ಗುರಿ ತಲೆಯ ಮೇಲಿರುವುದರಿಂದ ಬಲದಿಂದ ಬೀಸಿ ಎಸೆದರೆ ಫಲವಿಲ್ಲ, ಹದವರಿತು ಎಸೆಯಬೇಕು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಈ ಆಟ ಸೇರಿದಾಗ ಅದನ್ನು ನೋಡುವ ಭಾಗ್ಯ ನೈಸ್ಮಿತ್‌ನಿಗೆ ಲಭಿಸಿತು. ಬುಟ್ಟಿಯ ಜಾಗದಲ್ಲಿ ಕಬ್ಬಿಣದ ಬಳೆ, ಬಲೆ ಬಂದಿವೆ. ಹತ್ತು ಅಡಿಯ ಎತ್ತರ ಮಾತ್ರ ಇಂದಿಗೂ ಹಾಗೆಯೇ ಇದೆ.

ಇದನ್ನೆಲ್ಲ ನಾನು ಮೊದಲನೆಯ ದಿನವೇ ನಮ್ಮ ತಂಡಕ್ಕೆ ವಿವರಿಸಿದೆ. ಅವರು ವಿನಯದಿಂದ ಕೇಳಿದರು. ಪಂದ್ಯ ಮೊದಲಾಯಿತು. ನಾನು ಕೈ ಎತ್ತಿದಾಗಲೆಲ್ಲ ಚೆಂಡು ನನ್ನ ಬಳಿಗೆ ಬಂತು. ಬಂದ ಚೆಂಡನ್ನು ನಾನು ಬುಟ್ಟಿಗೆ ಎಸೆದೆ. ಹತ್ತು ಸಲ ಎಸೆದದ್ದರಲ್ಲಿ ಎರಡು ಸಲ ಬಿದ್ದಿರಬಹುದು. ಹದಿನಾಲ್ಕು ಅಂಕಗಳಿಂದ ಸೋತೆವು. ಆಟ ಮುಗಿದ ಮೇಲೆ ಉಳಿದವರ ತಪ್ಪುಗಳನ್ನು ಒಂದೊಂದಾಗಿ ಎಣಿಸಿ ಹೇಳಿದೆ. ಯಾರೂ ಎದುರಾಡಲಿಲ್ಲ.

ಮನೆಗೆ ಹಿಂದಿರುಗುವಾಗ ನಾಯಕ ಸೈಕಲ್ಲನ್ನು ತಳ್ಳಿಕೊಂಡು ನನ್ನ ಜೊತೆ ನಡೆದು ಬಂದ. ಸ್ವಲ್ಪ ದೂರ ಬಂದ ಮೇಲೆ, “ಸಾರ್, ತಪ್ಪು ತಿಳೀಬೇಡಿ. ನೀವು ಹಿರಿಯರು, ಕೈ ಎತ್ತಿದರೆ ಚೆಂಡು ಕೊಡದೆ ಇರೋದಕ್ಕೆ ನಮಗೆ ಆಗೋದಿಲ್ಲ. ಆದರೆ ನಿಮ್ಮ ಕೈಗೆ ಬಂದ ಚೆಂಡು ನಮ್ಮ ಕಡೆಗೆ ತಿರುಗಿ ಬರೋದೇ ಇಲ್ಲ” ಎಂದ.

ನನಗೆ ಮುಖಕ್ಕೆ ಹೊಡೆದಂತಾಯಿತು. ಆ ರಾತ್ರಿ ನಿದ್ರೆ ಹತ್ತಲಿಲ್ಲ. ಮೊಳಕಾಲಿನ ನೋವು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಹಳೆಯದೊಂದು ನೆನಪು. ಬಹಳ ವರ್ಷಗಳ ಹಿಂದೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಪಾಠದ ನಡುವೆ ಸಂದೇಹ ಕೇಳಲು ಕೈ ಎತ್ತುತ್ತಿದ್ದ. “ಆಮೇಲೆ ಕೇಳು” ಎನ್ನುತ್ತಿದ್ದೆ. ಅಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಕೆಲವು ದಿನಗಳಾದ ಮೇಲೆ ಅವನು ಕೈ ಎತ್ತುವುದನ್ನೇ ಬಿಟ್ಟ. ತರಗತಿ ನಿಶ್ಶಬ್ದವಾಗಿದೆಯೆಂದು ನಾನು ಸಂತೋಷಪಟ್ಟೆ! ನಾಯಕನ ಮಾತನ್ನು ಅಂದು ಆ ಹುಡುಗ ಹೇಳಲಾರದೆ ಹೋಗಿದ್ದ, ಅಷ್ಟೆ.

ಮುಂದಿನ ಭಾನುವಾರ ಹೋಗುವುದೋ ಬೇಡವೋ ಎಂದು ತುಂಬ ಅಳುಕಿದೆ. ಕೊನೆಗೆ ಹೋಗಿ, “ನಾನೇನು ಮಾಡಬೇಕು, ಹೇಳಪ್ಪ” ಎಂದು ನಾಯಕನನ್ನು ಕೇಳಿದೆ. ಅವನು ಸಂಕೋಚದಿಂದಲೇ ಹೇಳಿದ: “ಎದುರಾಳಿ ಬರುವ ದಾರಿಯಲ್ಲಿ ಅಲುಗಾಡದೆ ನಿಂತುಕೊಳ್ಳಿ ಸಾರ್, ನಮ್ಮವನಿಗೆ ಬಿಡುವು ಸಿಕ್ಕುತ್ತೆ. ಚೆಂಡು ಬಂದರೆ ಇಟ್ಟುಕೊಳ್ಳಬೇಡಿ, ಖಾಲಿ ಇರುವವರಿಗೆ ಕೊಟ್ಟುಬಿಡಿ.” ಅಲುಗಾಡದೆ ನಿಲ್ಲುವುದು ನನ್ನ ಮೊಳಕಾಲಿಗೂ ಒಪ್ಪಿಗೆಯಾಯಿತು. ಚೆಂಡನ್ನು ಬಿಟ್ಟುಕೊಡುವುದನ್ನು ಕಲಿಯಲು ಮಾತ್ರ ತಿಂಗಳು ಹಿಡಿಯಿತು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದು ಛಂದಸ್ಸಿನ ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಗುರುವಿಗಿಂತ ಲಘುವೇ ಮೇಲು.

ಕೊನೆಯ ಪಂದ್ಯ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕೆಲವೇ ಸೆಕೆಂಡುಗಳು ಉಳಿದಿದ್ದವು. ನಾವು ಒಂದು ಅಂಕ ಹಿಂದಿದ್ದೆವು. ಬುಟ್ಟಿಯ ಸಮೀಪದಲ್ಲಿ ನನಗೆ ಚೆಂಡು ಸಿಕ್ಕಿತು. ಎದುರಿಗೆ ಎತ್ತರದ ಆಳೊಬ್ಬ ಅಡ್ಡ ನಿಂತಿದ್ದ. ಅವನ ತಲೆಯ ಮೇಲಿಂದ ಎಸೆದರೆ ಬಿದ್ದರೂ ಬೀಳಬಹುದು ಎಂದು ಮನಸ್ಸು ಆಸೆಪಟ್ಟಿತು. ಆಗ ಬಲಗಡೆಯ ಮೂಲೆಯಲ್ಲಿ ನಮ್ಮ ಪಿ.ಯು.ಸಿ. ಹುಡುಗ ಒಬ್ಬನೇ ನಿಂತಿರುವುದು ಕಾಣಿಸಿತು. ಅವನು ಕೈ ಎತ್ತಿದ್ದ, ಅದೂ ಅರ್ಧ ಮಾತ್ರ. ಚೆಂಡನ್ನು ಅವನಿಗೆ ಕೊಟ್ಟೆ. ಅವನು ಎಸೆದ. ಚೆಂಡು ಬಳೆಯ ಅಂಚಿನಲ್ಲಿ ಒಂದು ಸುತ್ತು ಸುತ್ತಿ ಹೊರಗೆ ಬಿತ್ತು. ಸೀಟಿ ಕೇಳಿಸಿತು.

ಹುಡುಗ ತಲೆ ತಗ್ಗಿಸಿಕೊಂಡು ಬಂದು, “ತಪ್ಪಾಯ್ತು ಸಾರ್, ನೀವೇ ಎಸೆಯಬೇಕಾಗಿತ್ತು” ಎಂದ. ಹೇಳಲು ನನ್ನಲ್ಲಿ ಉಪದೇಶಗಳೇನೂ ಕಡಮೆ ಇರಲಿಲ್ಲ. ಅವನ್ನೆಲ್ಲ ಅದುಮಿಕೊಂಡು, “ಮುಂದಿನ ಸಲವೂ ಕೈ ಎತ್ತು ಮಗು; ಪೂರ್ತಿಯಾಗಿ ಎತ್ತು” ಎಂದಷ್ಟೇ ಹೇಳಿದೆ.

ಈಗಲೂ ಭಾನುವಾರದ ಬೆಳಿಗ್ಗೆ ಮೊಳಕಾಲಿಗೆ ಪಟ್ಟಿ ಸುತ್ತಿಕೊಂಡು ಅಂಗಳಕ್ಕೆ ಹೋಗುತ್ತೇನೆ. ಆಟದ ಭರದಲ್ಲಿ ‘ಸಾರ್’ ಎಂದು ಪೂರ್ತಿಯಾಗಿ ಕೂಗಲು ಯಾರಿಗೂ ವ್ಯವಧಾನವಿಲ್ಲ, “ಸಾ! ಸಾ! ಈ ಕಡೆ!” ಎಂದು ಕೂಗುತ್ತಾರೆ. ಹಾಗೆ ತುಂಡಾದ ಗೌರವವೇ ನನಗೆ ಹಿತವಾಗಿದೆ. ಕೊನೆಯ ಬೆಂಚಿನ ಆ ಹುಡುಗ ಈಗ ಎಲ್ಲಿರುವನೋ ತಿಳಿಯದು, ಬೆಳೆದು ಮಕ್ಕಳೊಂದಿಗನಾಗಿರಬಹುದು. ಅಂಗಳದಲ್ಲಿ ಯಾರಾದರೂ ಕೈ ಎತ್ತಿದಾಗ ಅವನ ನೆನಪಾಗುತ್ತದೆ. ಆಗ ಚೆಂಡು ನನ್ನ ಕೈಯಲ್ಲಿ ನಿಲ್ಲುವುದಿಲ್ಲ.