ಸವೆದಷ್ಟೂ ಉದ್ದ

ಭಾನುವಾರ ಬೆಳಿಗ್ಗೆ ನಾನು ಬೈಕಿಗೆ ಡಬಲ್ ಸ್ಟ್ಯಾಂಡ್ ಹಾಕಿದ ಸದ್ದು ಕೇಳಿದರೆ ಸಾಕು, ನನ್ನವಳು ಬಚ್ಚಲಿಗೆ ಓಡಿ ಹಲ್ಲುಜ್ಜುವ ಬ್ರಷ್‌ಗಳನ್ನೆಲ್ಲ ಎಣಿಸಿ ಎತ್ತಿಡುತ್ತಾಳೆ. ಒಮ್ಮೆ ಹಳೆಯದೆಂದು ನಾನು ಒಯ್ದದ್ದು ಹಿಂದಿನ ರಾತ್ರಿಯಷ್ಟೇ ಊರಿಂದ ಬಂದಿದ್ದ ಅವಳ ಅಣ್ಣನದು. ಚೈನು ಅಷ್ಟು ಹೊಳೆದದ್ದು ಮತ್ತೆಂದೂ ಇಲ್ಲ.

ಈ ಚಟ ಅಪ್ಪನಿಂದ ಬಂದದ್ದು. ಅವರದು ಯೆಜ್ಡಿ, ಮೈಸೂರಿನ ಯಾದವಗಿರಿಯಲ್ಲೇ ಹುಟ್ಟಿದ ಗಾಡಿ. ಅದರ ಚೈನು ಹೊರಗೆ ಕಾಣುತ್ತಿರಲಿಲ್ಲ. ತಗಡಿನ ಕವರು, ರಬ್ಬರ್ ಕೊಳವೆಗಳ ಒಳಗೇ ಅದರ ಸಂಸಾರ. ತೊಳೆಯಬೇಕೆಂದರೆ ಲಾಕ್ ಬಿಚ್ಚಿ, ತುದಿಗೊಂದು ಹಳೇ ಚೈನು ಸಿಕ್ಕಿಸಿ ಎಳೆಯಬೇಕು. ಇದು ಹೊರಗೆ ಬರುವಷ್ಟರಲ್ಲಿ ಅದು ಒಳಗೆ ಹೋಗಿ ಜಾಗ ಹಿಡಿದಿರುತ್ತದೆ, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ.

ರೇಷನ್ನಿನ ನೀಲಿ ಸೀಮೆಎಣ್ಣೆಯಲ್ಲಿ ನೆನೆದು ಮಿಂದ ಚೈನನ್ನು ಅಪ್ಪ ಒರೆಸಿ, ಡಬ್ಬಿಯಲ್ಲಿ ಕಾಯಿಸಿದ ಗ್ರೀಸಿಗೆ ಇಳಿಬಿಡುತ್ತಿದ್ದರು. "ಮೇಲೆ ಬಳಿದರೆ ಏನು ಬಂತು? ಜಾಮೂನಿಗೆ ಪಾಕ ಇಳಿಯೋ ಹಾಗೆ ಪಿನ್ನಿಗೆ ಇಳೀಬೇಕು." ಒಳಗಿನಿಂದ ಅಮ್ಮ, "ರೀ, ಆ ಸೌಟು ಮತ್ತೆ ಅಡುಗೆಮನೆಗೆ ಬಂದರೆ ನಾನು ತವರಿಗೆ ಹೊರಟೆ!" ಕೊನೆಗೆ ಲಾಕಿನ ಕ್ಲಿಪ್ಪು. ಅದು ಮೀನಿನಾಕಾರ, ಮುಚ್ಚಿದ ತಲೆ ಚೈನು ಓಡುವ ದಿಕ್ಕಿಗೇ ಇರಬೇಕು. "ಮೀನು ಹಿಮ್ಮುಖ ಈಜಲ್ಲ ಕಣೋ" ಎನ್ನುತ್ತಿದ್ದರು, ಜನ್ಮದಲ್ಲಿ ಮೀನು ಮುಟ್ಟದ ಅಪ್ಪ.

ನನ್ನ ಕೆಲಸ ತುದಿ ಹಿಡಿದು ನಿಲ್ಲುವುದು. ಒಂದು ದಿನ ಐಸ್ ಕ್ಯಾಂಡಿಯವನ ಗಂಟೆ ಕೇಳಿ ಕೈಬಿಟ್ಟೆ. ಸರ್ರನೆ ಚೈನು ಒಳಗೆ ಜಾರಿತು. ಅಪ್ಪ ಬೈಯಲಿಲ್ಲ. ಎಂಜಿನ್ನಿನ ಕವರು ಬಿಚ್ಚಿ, ಸಂಜೆ ತನಕ ತಂತಿ ಹಾಕಿ ತಡಕಿದರು. ಕ್ಯಾಂಡಿ ಕರಗಿಹೋಯಿತು.

ಚೈನು ಜಗ್ಗಿ ಉದ್ದವಾಗುತ್ತದೆ ಎನ್ನುತ್ತಾರೆ. ಉಕ್ಕು ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಒಂದೊಂದು ಕೊಂಡಿಯಲ್ಲೂ ಪಿನ್ನು, ಬುಷ್ಷು ಕೂದಲೆಳೆಯಷ್ಟು ಸವೆಯುತ್ತವೆ. 110 ಕೊಂಡಿಗೆ ತಲಾ 0.1 ಮಿಲಿಮೀಟರ್ ಎಂದರೂ ಒಟ್ಟು ಒಂದು ಸೆಂಟಿಮೀಟರಿಗೂ ಮೇಲೆ. ಅಪ್ಪ ಹೇಳುವ ಆ ದಿನದ ಕಥೆಯೂ ಹೀಗೇ. ಮೊದಲು ಕ್ಯಾಂಡಿಯವನೊಬ್ಬನೇ ಇದ್ದ. ಆಮೇಲೆ ಅವನ ಹಿಂದೆ ಮದುವೆಯ ಬ್ಯಾಂಡ್‌ಸೆಟ್ ಬಂತು. ಯಾದವಗಿರಿಯ ಕಾರ್ಖಾನೆ 1996ರಲ್ಲಿ ಮುಚ್ಚಿ, ಯೆಜ್ಡಿಯನ್ನೂ ಮಾರಿದ ಮೇಲೆ, ನಮ್ಮ ಬೀದಿಯಲ್ಲಿ ದಸರಾ ಆನೆ ಬಂದಿತ್ತೆಂದಾಯಿತು. ನಾನು ತಿದ್ದಲು ಹೋಗಿಲ್ಲ.

ನನ್ನ ಈಗಿನ ಬೈಕಿನದು ಓ-ರಿಂಗ್ ಚೈನು. ಗ್ರೀಸನ್ನು ಪಿನ್ನಿನ ಸುತ್ತ ಕಾರ್ಖಾನೆಯಲ್ಲೇ ತುಂಬಿ ಮೊಹರು ಮಾಡಿರುತ್ತಾರೆ; ಕುದಿಸುವ ಮಾತೇ ಇಲ್ಲ. ಪೆಟ್ರೋಲ್ ತಾಗಿಸಿದರೆ ರಬ್ಬರು ಕೆಡುತ್ತದೆ. ಒರೆಸಿ, ಕೆಳಗಿನ ಸಾಲಿನ ಒಳಮಗ್ಗುಲಿಗೆ ಎಣ್ಣೆ ಬಿಟ್ಟರೆ ಮುಗಿಯಿತು. ಹತ್ತು ನಿಮಿಷದ ಕೆಲಸ.

ಕಳೆದ ಭಾನುವಾರ ಅಪ್ಪ ಕೋಲೂರಿಕೊಂಡು ಬಂದು ಜಗಲಿಯಲ್ಲಿ ಕೂತರು. "ಎಂಜಿನ್ ಆಫ್ ಇದೆ ತಾನೆ? ಹತ್ತು ಬೆರಳೂ ಬೇಕು ಅಂದ್ರೆ ಚಕ್ರ ಕೈಯಲ್ಲೇ ತಿರುಗಿಸು" ಎಂದರು. ತಿರುಗಿಸಿದೆ. "ಅವತ್ತು ನೀನು ಕೈಬಿಟ್ಟೆಯಲ್ಲ..." ಎಂದು ಶುರುವಾಯಿತು.

ಎಣ್ಣೆ ಆಗಲೇ ಬಿಟ್ಟಾಗಿತ್ತು. ನಾನು ಸುಮ್ಮನೆ ಚಕ್ರ ತಿರುಗಿಸುತ್ತಲೇ ಇದ್ದೆ. ಈ ಸಲ ಆನೆ ಎರಡಾಗಿದ್ದವು.