ಕೈದಿಗೂ ಪರಿಹಾರವೇ?

ಏನೋ ಒಂದು ಮಾತು ಆಡಿಬಿಟ್ಟು, ಆಮೇಲೆ ಎದುರಿಗಿದ್ದವರ ಮುಖ ನೋಡಲಾಗದೆ ಕೂತ ಅನುಭವ ನಿಮಗೂ ಇರಬಹುದು. ನನಗಾದದ್ದು ಅಡಿಕೆ ಸುಲಿಯುವಾಗ.

ಕೊಯ್ಲಿನ ದಿನಗಳು. ಆಯನೂರಿನ ಒಂದು ಮನೆಯ ಅಂಗಳದಲ್ಲಿ ನಾವು ಏಳೆಂಟು ಹೆಂಗಸರು ಮೆಟ್ಟುಗತ್ತಿ ಮುಂದಿಟ್ಟುಕೊಂಡು ಕುಳಿತಿದ್ದೆವು. ಜೈಲಿನಲ್ಲಿ ಸತ್ತ ಕೈದಿಯೊಬ್ಬನ ಮನೆಯವರಿಗೆ ಸರಕಾರ ಪರಿಹಾರ ಕೊಡಬೇಕೆಂದು ಕೋರ್ಟು ಹೇಳಿದ ಸುದ್ದಿಯನ್ನು ಯಾರೋ ಎತ್ತಿದರು. "ಕಳ್ಳರಿಗೂ ಲಕ್ಷ ಲಕ್ಷ! ನಿಯತ್ತಿನಿಂದ ದುಡಿಯುವ ನಮಗೇನಿದೆ? ಇನ್ನು ಜೈಲಿಗೆ ಹೋಗುವುದೇ ಲಾಭ" ಎಂದೆ ನಾನು. ಎಲ್ಲರೂ ನಕ್ಕರು. ಮೂಲೆಯಲ್ಲಿದ್ದ ಖಾಲಾ ಮಾತ್ರ ತಲೆ ಎತ್ತಲಿಲ್ಲ. ಅವರ ಕಿರಿಯ ಮಗ ಒಂದು ಹೊಡೆದಾಟದ ಕೇಸಿನಲ್ಲಿ ಒಳಗೆ ಹೋಗಿ ಏಳು ತಿಂಗಳಾಗಿತ್ತು. ವಿಚಾರಣೆ ಇನ್ನೂ ಶುರುವಾಗಿರಲಿಲ್ಲ. ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಸಂಜೆ ಅವರ ಮನೆಗೆ ಹೋಗಿ ಮಾಫಿ ಕೇಳಿದೆ. ಅವರು ಅದರ ಬಗ್ಗೆ ಮಾತೇ ಆಡಲಿಲ್ಲ. "ಬರುವ ವಾರ ನನ್ನ ಜೊತೆ ಬರ್ತೀಯಾ ಬೇಟಿ? ಅಲ್ಲಿ ಕನ್ನಡದಲ್ಲಿ ಚೀಟಿ ಬರೆದುಕೊಡಬೇಕು, ನನಗೆ ಬರೋದಿಲ್ಲ" ಎಂದರು.

ಹೋದೆವು. ಶಿವಮೊಗ್ಗಕ್ಕೆ ಒಂದು ಬಸ್ಸು, ಅಲ್ಲಿಂದ ಮುಂದಕ್ಕೆ ಇನ್ನೊಂದು. ಯಾವ ಊರಿನ ಜೈಲು ಎಂಬುದು ಇಲ್ಲಿ ಬೇಡ. ಬೆಳಿಗ್ಗೆಯಿಂದ ಕಾದು ಮಧ್ಯಾಹ್ನ ಸಿಕ್ಕಿದ್ದು ಕೆಲವೇ ನಿಮಿಷ. ನಡುವೆ ಜಾಲರಿ, ಆ ಕಡೆ ಈ ಕಡೆ ಹತ್ತಾರು ಜನ ಒಟ್ಟಿಗೆ ಕೂಗುತ್ತಿದ್ದರು. ಹುಡುಗ ಬೆರಳ ಸಂದಿಗಳನ್ನು ಕೆರೆದುಕೊಳ್ಳುತ್ತಲೇ ಮಾತಾಡಿದ. ಕಜ್ಜಿ. ಕೋಣೆಯಲ್ಲಿ ಎಲ್ಲರಿಗೂ ಒಮ್ಮೆಲೇ ಮಲಗಲು ಜಾಗವಿಲ್ಲವಂತೆ, ಸರದಿಯ ಮೇಲೆ ನಿದ್ದೆ. ಊಟದ ಬಗ್ಗೆ ತಾಯಿ ಕೇಳಿದಾಗ "ಚೆನ್ನಾಗಿದೆ ಅಮ್ಮಿ" ಎಂದ. ಖಾಲಾ ನಂಬಲಿಲ್ಲ, ನಾನೂ ನಂಬಲಿಲ್ಲ.

ಮರಳುವ ಬಸ್ಸಿನಲ್ಲಿ ನನಗೆ ಒಂದೇ ಯೋಚನೆ. ಅಪರಾಧ ಸಾಬೀತಾದರೆ ನ್ಯಾಯಾಧೀಶರು ಇಷ್ಟು ವರ್ಷ ಎಂದು ಶಿಕ್ಷೆ ಬರೆಯುತ್ತಾರೆ. ಅದರಲ್ಲಿ ಕಜ್ಜಿ ಎಂದು ಬರೆದಿರುತ್ತದೆಯೇ? ಹುಳ ಬಿದ್ದ ಅನ್ನ, ಸರದಿ ನಿದ್ದೆ ಎಂದು ಬರೆದಿರುತ್ತದೆಯೇ? ಯಾವ ನ್ಯಾಯಾಧೀಶರೂ ಬರೆಯದ ಈ ಎರಡನೆಯ ಶಿಕ್ಷೆಯನ್ನು ಯಾರು ಕೊಟ್ಟದ್ದು? ಈ ಹುಡುಗನಿಗಾದರೋ ಮೊದಲನೆಯ ಶಿಕ್ಷೆಯೇ ಇನ್ನೂ ಆಗಿಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಜಾಗವಿದ್ದದ್ದು 4,36,266 ಮಂದಿಗೆ. ಒಳಗಿದ್ದವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರು ಅಪರಾಧಿಗಳೆಂದು ಇನ್ನೂ ತೀರ್ಮಾನವಾಗದವರು. ನಾನು 'ಕಳ್ಳರು' ಎಂದದ್ದು ಇವರನ್ನೂ ಸೇರಿಸಿ.

ನಮ್ಮ ರಾಜ್ಯದ್ದೇ ಒಂದು ಮೊಕದ್ದಮೆಯಿದೆ. 1984ರಲ್ಲಿ ಬೆಂಗಳೂರು ಕೇಂದ್ರ ಕಾರಾಗೃಹದ ಕೈದಿ ರಾಮಮೂರ್ತಿ ಎಂಬವರು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರಿಗೆ ಒಂದು ಪತ್ರ ಬರೆದರು. ದುಡಿದ ಕೂಲಿ ಕೊಡುವುದಿಲ್ಲ, ತಿನ್ನಲಾಗದ ಊಟ, ಹಿಂಸೆ ಎಂಬುದು ಅವರ ದೂರು. ಆ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಲಾಯಿತು. ತೀರ್ಪು ಬಂದದ್ದು 1996ರ ಡಿಸೆಂಬರಿನಲ್ಲಿ. ಜೈಲುಗಳ ಒಂಬತ್ತು ರೋಗಗಳನ್ನು ನ್ಯಾಯಾಲಯ ಪಟ್ಟಿ ಮಾಡಿತು: ಇಕ್ಕಟ್ಟು, ವಿಚಾರಣೆಯ ವಿಳಂಬ, ಆರೋಗ್ಯ ಮತ್ತು ಶುಚಿತ್ವದ ಕಡೆಗಣನೆ, ಸಾಲದ ಊಟ ಬಟ್ಟೆ ಇತ್ಯಾದಿ. ಒಂದು ಪತ್ರದ ಉತ್ತರಕ್ಕೆ ಹನ್ನೆರಡು ವರ್ಷ! ಆ ಹಳೆಯ ಜೈಲು ಈಗ ಫ್ರೀಡಂ ಪಾರ್ಕ್ ಆಗಿದೆ. ಪಟ್ಟಿಯಲ್ಲಿದ್ದ ರೋಗಗಳನ್ನು ನಾನು ಆ ಜಾಲರಿಯ ಹಿಂದೆ ಕಂಡೆ.

ಹಣದ ವಿಷಯಕ್ಕೆ ಬರೋಣ, ನಮ್ಮ ಸಿಟ್ಟೆಲ್ಲ ಅಲ್ಲಿಯೇ ತಾನೇ. ಬಿಹಾರದ ರುದುಲ್ ಸಾಹ್ ನಿರಪರಾಧಿಯೆಂದು 1968ರಲ್ಲಿ ತೀರ್ಪಾಯಿತು. ಬಿಡುಗಡೆಯಾದದ್ದು 1982ರಲ್ಲಿ. ಆ ಹದಿನಾಲ್ಕು ವರ್ಷಗಳಿಗೆ 1983ರಲ್ಲಿ ಸುಪ್ರೀಂ ಕೋರ್ಟು ಕೊಡಿಸಿದ್ದು, ಮೊದಲೇ ಕೊಟ್ಟಿದ್ದ 5,000 ಬಿಟ್ಟು, 30,000 ರೂಪಾಯಿ. ಒಟ್ಟು ಮೊತ್ತವನ್ನು ಹದಿನಾಲ್ಕರಿಂದ ಭಾಗಿಸಿ ನೋಡಿ, ವರ್ಷಕ್ಕೆ ಎರಡೂವರೆ ಸಾವಿರ. ಇದನ್ನು ಲಾಭವೆನ್ನಲು ನನ್ನ ನಾಲಿಗೆ ಈಗ ಏಳುವುದಿಲ್ಲ. ಜೈಲುಗಳಲ್ಲಿ 2012ರಿಂದ 2015ರವರೆಗೆ ಅಸಹಜವಾಗಿ ಸತ್ತವರ ಮನೆಯವರಿಗೆ ಪರಿಹಾರ ಕೊಡಿಸುವ ವಿಚಾರವನ್ನು ತಾವಾಗಿಯೇ ಕೈಗೆತ್ತಿಕೊಳ್ಳಿ ಎಂದು 2017ರಲ್ಲಿ ಎಲ್ಲ ಹೈಕೋರ್ಟುಗಳಿಗೆ ಸುಪ್ರೀಂ ಕೋರ್ಟು ಸೂಚಿಸಿತು.

ಸಿಟ್ಟು ನಮ್ಮ ದೇಶದ್ದು ಮಾತ್ರವಲ್ಲ. ಸ್ಕಾಟ್ಲೆಂಡಿನ ಬಾರ್ಲಿನಿ ಜೈಲಿನ ಕೋಣೆಗಳಲ್ಲಿ ಶೌಚಾಲಯವಿರಲಿಲ್ಲ. ಇಬ್ಬರಿದ್ದ ಕೋಣೆಯಲ್ಲೇ ಪಾತ್ರೆಯಲ್ಲಿ ಮಾಡಿ ಬೆಳಿಗ್ಗೆ ಚೆಲ್ಲಬೇಕಿತ್ತು. ಅಲ್ಲಿದ್ದ ವಿಚಾರಣಾಧೀನ ಕೈದಿ ರಾಬರ್ಟ್ ನೇಪಿಯರ್‌ಗೆ 2004ರಲ್ಲಿ 2,450 ಪೌಂಡ್ ಪರಿಹಾರ ಸಿಕ್ಕಾಗ ಜನ ಕೆರಳಿದರು. ಹಂಗೇರಿಯಲ್ಲಿ 2020ರಲ್ಲಿ ಪ್ರಧಾನಿ ಓರ್ಬಾನ್ ಇಂತಹ ದಾವೆಗಳನ್ನು ಜೈಲಿನ ವ್ಯಾಪಾರವೆಂದು ಕರೆದು ಪಾವತಿಯನ್ನೇ ನಿಲ್ಲಿಸಿದರು. ನಾನು ಅಂಗಳದಲ್ಲಿ ಆಡಿದ ಮಾತಿಗೂ ಇದಕ್ಕೂ ಏನು ವ್ಯತ್ಯಾಸ?

"ಹಾಗಾದರೆ ಏಟು ತಿಂದವನ ಗತಿ? ಗಂಡನನ್ನು ಕಳಕೊಂಡವಳಿಗೆ ಯಾರು ಕೊಡುತ್ತಾರೆ?" ಎಂದು ಅಡಿಕೆ ಸುಲಿಯುವವರಲ್ಲೇ ಒಬ್ಬರು ಆಮೇಲೆ ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಅಪರಾಧಕ್ಕೆ ಬಲಿಯಾದವರಿಗೆ ಪರಿಹಾರ ನೀಡುವ ಯೋಜನೆ ಪ್ರತಿ ರಾಜ್ಯದಲ್ಲೂ ಇರಬೇಕೆಂದು 2009ರ ಕೊನೆಯಿಂದ ಕಾನೂನಿದೆ. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ನಮ್ಮ ಎಷ್ಟು ಹೆಣ್ಣುಮಕ್ಕಳಿಗೆ ಇದು ಗೊತ್ತು? ಬಂಧನದಲ್ಲಿರುವವರಿಗೂ ಮಹಿಳೆಯರಿಗೂ ಉಚಿತ ವಕೀಲರನ್ನು ಕೊಡಬೇಕಾದದ್ದೂ ಅದೇ ಪ್ರಾಧಿಕಾರ. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಇಲ್ಲವೆಂದು ನಾವು ನಾವೇ ಅಂದುಕೊಂಡು ಜಗಳಾಡುತ್ತಿದ್ದೇವೆ.

ಬೆಕ್ಕನ್ನು ಕೂಡಿಹಾಕಿ, ತಿನ್ನಲು ಕೊಡದೆ, ತಾನೇ ಹುಡುಕಿ ತಿನ್ನಲು ಬಿಡದೆ ಸಾಯಿಸಿದ್ದಕ್ಕಾಗಿ ನರಕಕ್ಕೆ ಹೋದ ಹೆಣ್ಣಿನ ಬಗ್ಗೆ ಪ್ರವಾದಿ(ಸ)ಯವರು ಹೇಳಿದ್ದನ್ನು ಮಕ್ಕಳಿಗೆ ನಾವೆಲ್ಲ ಹೇಳುತ್ತೇವೆ. ಆ ಬೆಕ್ಕು ಹಾಲು ಕದ್ದಿತ್ತೇ ಇಲ್ಲವೇ ಎಂದು ಹದೀಸಿನಲ್ಲಿ ವಿಚಾರಣೆಯಿಲ್ಲ. ಬಡವ, ಅನಾಥರ ಜೊತೆ ಸೆರೆಯಾಳಿಗೂ ಉಣಿಸುವವರನ್ನು ಕುರ್‌ಆನಿನ ಅದ್ದಹ್ರ್ ಅಧ್ಯಾಯ ಹೊಗಳುತ್ತದೆ. ಖಲೀಫ ಹಾರೂನ್ ರಶೀದರಿಗೆ ಇಮಾಮ್ ಅಬೂ ಯೂಸುಫ್(ರ) ಬರೆದ 'ಕಿತಾಬುಲ್ ಖರಾಜ್'ನಲ್ಲಿ ಇನ್ನೂ ಲೌಕಿಕವಾದ ಮಾತಿದೆ. ಕೈದಿಗೆ ರೊಟ್ಟಿ ಕಳಿಸಿದರೆ ಕಾವಲುಗಾರರು ಕದಿಯುತ್ತಾರೆ, ಆದ್ದರಿಂದ ತಿಂಗಳಿಗೆ 10 ದಿರ್ಹಮ್ ಅವನ ಕೈಗೇ ಕೊಡಿಸಿ ಎಂದು ಅವರು ಸಲಹೆ ನೀಡಿದ್ದರು. ಚಳಿಗೆ, ಬೇಸಿಗೆಗೆ ಬೇರೆ ಬೇರೆ ಬಟ್ಟೆ. ಹೆಣ್ಣು ಕೈದಿಗಳ ತಲೆವಸ್ತ್ರವನ್ನೂ ಮರೆತಿರಲಿಲ್ಲ. ಹನ್ನೆರಡು ಶತಮಾನಗಳ ಹಿಂದಿನ ವಿದ್ವಾಂಸರಿಗೆ ಜೈಲಿನ ಅಡುಗೆಮನೆಯ ಲೆಕ್ಕ ಇಷ್ಟು ಚೆನ್ನಾಗಿ ತಿಳಿದಿತ್ತೇ ಎಂದು ನನಗೆ ಅಚ್ಚರಿ.

ಕಳೆದ ಶುಕ್ರವಾರ ಖಾಲಾ ನಮ್ಮ ಮನೆಗೆ ಬಂದರು. ಅಡುಗೆಮನೆಯ ಕಟ್ಟೆಯ ಮೇಲೆ ಕಾಗದವಿಟ್ಟು ಪ್ರಾಧಿಕಾರಕ್ಕೆ ಅರ್ಜಿ ಬರೆದೆ: ವಕೀಲರು ಬೇಕು, ಕಜ್ಜಿಗೆ ವೈದ್ಯರು ನೋಡಬೇಕು. ಓದಿ ಹೇಳಿದೆ. ಪರಿಹಾರದ ಮಾತು ಸೇರಿಸಲೇ ಎಂದೂ ಕೇಳಿದೆ. ಅದಕ್ಕೆ ಅವರು ಉತ್ತರಿಸಲಿಲ್ಲ. ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಲು ಹೋಗಿ ನಿಂತರು.

"ಬೇಟಿ, ಆ ಕೋಣೆಯಲ್ಲಿ ಇರೋರಿಗೆಲ್ಲ ಕಜ್ಜಿ ಅಂತೆ. ಅವರದ್ದೂ ಬರಿ."

"ಹೆಸರು ಗೊತ್ತಿಲ್ಲವಲ್ಲ ಖಾಲಾ?"

"ಉಳಿದ ಮಕ್ಕಳು ಅಂತ ಬರಿ."

ಹಾಗೆಯೇ ಬರೆದೆ.